ಸುರಂಗದ ನೀರು ಕಾಯುವ ಬೋರ್ಡು

ಕಾಸರಗೋಡಿನ ಬಾಯಾರು, ಪೆರ್ಲ ಕಡೆಯ ಅಡಿಕೆ ತೋಟಗಳಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಟಾಂಕಿಗೆ ಬರುತ್ತದೆ. ಬೇಸಗೆ ಏರಿದಂತೆ ಆ ಹರಿವು ಬೆರಳ ಗಾತ್ರಕ್ಕಿಳಿಯುತ್ತದೆ. ಟಾಂಕಿ ಬರಿದಾದುದನ್ನು ಗಮನಿಸದೆ ಪಂಪನ್ನು ಓಡಲು ಬಿಟ್ಟರೆ ಅದರ ಸೀಲು ಬಿಸಿಯೇರಿ ಕೆಡುತ್ತದೆ. ಟಾಂಕಿಯಲ್ಲಿ ಮೇಲೊಂದು, ಕೆಳಗೊಂದು ತೇಲುವ ಸ್ವಿಚ್ಚನ್ನಿಟ್ಟು, ನೀರಿನ ಮಟ್ಟಕ್ಕೆ ತಕ್ಕಂತೆ ಪಂಪಿನ ಸ್ಟಾರ್ಟರನ್ನು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡನ್ನು ನಮ್ಮ ತೋಟಕ್ಕಾಗಿ ನಾನು ವಿನ್ಯಾಸಗೊಳಿಸಿದ್ದು ಕೀಕ್ಯಾಡ್ ಎಂಬ ಮುಕ್ತ ತಂತ್ರಾಂಶದಲ್ಲಿ. ಫ್ರಾನ್ಸಿನ ಜಾನ್-ಪಿಯೆರ್ ಶರಾಸ್ 1992ರಲ್ಲಿ ಆರಂಭಿಸಿದ ಈ ತಂತ್ರಾಂಶದ ಬೆಳವಣಿಗೆಗೆ ಕಣಭೌತ ಸಂಶೋಧನೆಯ ಸೆರ್ನ್ ಸಂಸ್ಥೆಯೂ 2013ರಿಂದ ಕೈಜೋಡಿಸಿದೆ. ಅದನ್ನು ಬಳಸಲು ಹಣ ಕೊಡಬೇಕಿಲ್ಲ.

ಮೊದಲು ಬರೆಯಬೇಕಾದುದು ಸರ್ಕ್ಯೂಟಿನ ನಕ್ಷೆ. ಯಾವುದು ಯಾವುದಕ್ಕೆ ಸೇರಬೇಕು ಎಂಬುದಷ್ಟೇ ಅದರಲ್ಲಿರುತ್ತದೆ. ಬಿಡಿಭಾಗಗಳ ಗಾತ್ರವಾಗಲಿ ದೂರವಾಗಲಿ ಅಲ್ಲಿ ಲೆಕ್ಕಕ್ಕಿಲ್ಲ. ಆ ಲೆಕ್ಕ ಶುರುವಾಗುವುದು ಬೋರ್ಡನ್ನು ಜೋಡಿಸುವಾಗ. ಸಾಮಾನ್ಯ ಬೋರ್ಡೆಂದರೆ 1.6 ಮಿ.ಮೀ. ದಪ್ಪದ ಗಾಜಿನಾರಿನ ಹಲಗೆ, ಅದರ ಮೇಲೆ 35 ಮೈಕ್ರಾನಿನ ತಾಮ್ರದ ಪದರ. ಒಂದು ಔನ್ಸ್ ತಾಮ್ರವನ್ನು ಒಂದು ಚದರಡಿಗೆ ಹರಡಿದರೆ ಸಿಗುವ ದಪ್ಪವದು. ಇಷ್ಟು ತೆಳ್ಳಗಿನ ತಾಮ್ರದಲ್ಲಿ 1 ಆಂಪಿಯರ್ ಹರಿಸಲು ಸುಮಾರು 0.3 ಮಿ.ಮೀ. ಅಗಲದ ಹಾದಿ ಸಾಕಾದರೂ 10 ಆಂಪಿಯರಿಗೆ ಅದರ ಹತ್ತು ಪಟ್ಟು ಸಾಲದು, ಏಳು ಮಿ.ಮೀ. ದಾಟಬೇಕು. ಹಾದಿ ಅಗಲವಾದಷ್ಟು ಅದರ ಒಂದೊಂದು ಮಿಲಿಮೀಟರಿಗೆ ಬಿಸಿ ಬಿಟ್ಟುಕೊಡುವ ಅವಕಾಶ ಕಡಿಮೆಯಾಗುವುದೇ ಇದಕ್ಕೆ ಕಾರಣ. ಆದ್ದರಿಂದ ಪಂಪಿನ ಕರೆಂಟನ್ನು ಬೋರ್ಡಿನೊಳಗೆ ತರಲೇಬಾರದು. ಬೋರ್ಡಿನ ರಿಲೇ, ಅಂದರೆ ಕರೆಂಟಿನಿಂದಲೇ ತೆರೆದು ಮುಚ್ಚುವ ಪುಟ್ಟ ಸ್ವಿಚ್ಚು, ನಡೆಸಬೇಕಾದುದು ಸ್ಟಾರ್ಟರಿನೊಳಗಿನ ತಂತಿಸುರುಳಿಯನ್ನು (ಕಾಯಿಲ್) ಮಾತ್ರ. ಅಲ್ಲಿಯೂ 230 ವೋಲ್ಟಿನ ಹಾದಿಗೂ 5 ವೋಲ್ಟಿನ ಹಾದಿಗೂ ನಡುವೆ ಹಲಗೆಯನ್ನೇ ಸೀಳಿ ಗಾಳಿಯ ಅಂತರ ಬಿಟ್ಟೆ. ನಮ್ಮ ಮಳೆಗಾಲದ ತೇವಕ್ಕೆ, ಧೂಳಿಗೆ ಅಷ್ಟು ಎಚ್ಚರ ಹೆಚ್ಚೇನಲ್ಲ.

ಹಾದಿಗಳೆಲ್ಲ ನಕ್ಷೆಯಂತೆ ಸೇರಿವೆಯೇ, ಒಂದಕ್ಕೊಂದು ತೀರಾ ಹತ್ತಿರವಾಗಿವೆಯೇ ಎಂದು ಕೀಕ್ಯಾಡ್ ಪರೀಕ್ಷಿಸಿ ಹೇಳುತ್ತದೆ. ನನ್ನ ಬೋರ್ಡಿನಲ್ಲಿ ತಪ್ಪುಗಳ ಸಂಖ್ಯೆ ಸೊನ್ನೆ. ಆದರೂ ಬೆಸುಗೆ ಹಾಕಿ ಕರೆಂಟು ಕೊಟ್ಟಾಗ ರಿಲೇ ಟಕ್ಕೆನ್ನಲಿಲ್ಲ. ರಿಲೇಗೆ ಕರೆಂಟು ಬಿಡುವ ಮೂರು ಕಾಲಿನ ಬಿಡಿಭಾಗವಾಗಿ ನಕ್ಷೆಯಲ್ಲಿ ನಾನು ಬರೆದದ್ದು ಬಿಸಿ547 ಎಂಬ ಟ್ರಾನ್ಸಿಸ್ಟರ್. ರಿಲೇಗೆ ಇನ್ನಷ್ಟು ಕರೆಂಟು ತಾಳುವಂಥದ್ದಿರಲಿ ಎಂದು ಕೊನೆಗೆ ಕೂಡಿಸಿದ್ದು ಪಿಎನ್2222. ಹೊರರೂಪದಲ್ಲಿ ಎರಡೂ ಅವಳಿಜವಳಿ. ಆದರೆ ಚಪ್ಪಟೆ ಮುಖವನ್ನು ನಮ್ಮತ್ತ ಹಿಡಿದು ಕಾಲುಗಳನ್ನು ಕೆಳಗೆ ಮಾಡಿದರೆ ಮೊದಲನೆಯದರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್ ಎಂಬ ಕ್ರಮ; ಎರಡನೆಯದರಲ್ಲಿ ಅದು ತಿರುವುಮುರುವು. ನಕ್ಷೆಗೂ ಬೋರ್ಡಿಗೂ ತಾಳೆಯಿತ್ತು, ನನ್ನ ಕೈಯಲ್ಲಿದ್ದ ವಸ್ತುವಿಗೆ ಇರಲಿಲ್ಲ. ಅದನ್ನು ತಂತ್ರಾಂಶ ನೋಡಿರುವುದಾದರೂ ಹೇಗೆ?

ಈಗ ತಯಾರಿಕೆಗೆ ಕಳುಹಿಸುವ ಮೊದಲು ಬೋರ್ಡನ್ನು ನಿಜಗಾತ್ರದಲ್ಲಿ ಕಾಗದದ ಮೇಲೆ ಮುದ್ರಿಸಿ, ರಟ್ಟಿಗಂಟಿಸಿ, ಒಂದೊಂದೇ ಬಿಡಿಭಾಗದ ಕಾಲನ್ನು ಚುಚ್ಚಿ ನೋಡುತ್ತೇನೆ. ಕಾಲಿನ ಕ್ರಮವನ್ನು ಅದರ ಮಾಹಿತಿ ಹಾಳೆಯೊಡನೆ ತಾಳೆ ಮಾಡುತ್ತೇನೆ. ಅಂದಿನ ಬೋರ್ಡು ಮಾತ್ರ ಹಾಳಾಗಲಿಲ್ಲ. ಎರಡರಲ್ಲಿಯೂ ಬೇಸ್ ನಡುವಿನ ಕಾಲೇ ಆದ್ದರಿಂದ ಟ್ರಾನ್ಸಿಸ್ಟರನ್ನು ಕಿತ್ತು, ಹಿಂದುಮುಂದಾಗಿ ತಿರುಗಿಸಿ ಬೆಸೆದೆ. ಬೋರ್ಡಿನ ಮೇಲೆ ಮುದ್ರಿಸಿದ ಚಪ್ಪಟೆ ಗುರುತು ಒಂದು ಕಡೆಗೂ ಟ್ರಾನ್ಸಿಸ್ಟರಿನ ಮುಖ ಅದರ ವಿರುದ್ಧ ದಿಕ್ಕಿಗೂ ಇರುವ ಆ ಬೋರ್ಡೇ ಇಂದಿಗೂ ಪಂಪುಶೆಡ್ಡಿನ ಗೋಡೆಯಲ್ಲಿದೆ.