ಡೆಕ್ ಬಡಿದು ನೋಡಿ, ಆಮೇಲೆ ಬೆಲೆ ಮಾತಾಡಿ

ಕಾಫಿ ಕೊಯ್ಲು ಮುಗಿಸಿಕೊಂಡು ಸಕಲೇಶಪುರದ ಬೆಳೆಗಾರರೊಬ್ಬರು, ದೋಣಿ ಪರೀಕ್ಷಿಸಿ ವರದಿ ಕೊಡಲೆಂದು ಹಾಸನದಿಂದ ನನ್ನನ್ನೂ ಹತ್ತಿಸಿಕೊಂಡು ಕೊಚ್ಚಿಗೆ ಹೊರಟರು. ಅಲ್ಲಿ 1970ರ ದಶಕದ, 34 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿಯೊಂದು ಮಾರಾಟಕ್ಕಿತ್ತು. ಅದರಲ್ಲಿ ಲಕ್ಷದ್ವೀಪಕ್ಕೆ ಹೋಗಿಬರಬೇಕೆಂಬುದು ಅವರ ಆಸೆ. ದಡಕ್ಕೆತ್ತಿ ನಿಲ್ಲಿಸಿದ್ದ ದೋಣಿಗೆ ಹೊಸ ಬಣ್ಣ ಬಳಿದಿದ್ದರು. “ಹೆಂಗ್ ಹೊಳೀತಾ ಇದೆ ನೋಡಿ ಸಾರ್!” ಎಂದರು ಬೆಳೆಗಾರರು.

ಹಳೆಯದು ಎಂದು ನಾನು ಹೆದರುವುದಿಲ್ಲ. ಆ ಕಾಲದವರು ಗಾಜಿನ ನಾರು, ಅದನ್ನು ಬಿಗಿಯುವ ರೆಸಿನ್ ಎಂಬ ಅಂಟು ಎರಡನ್ನೂ ಧಾರಾಳವಾಗಿ ಹಾಕಿ ದಪ್ಪ ಒಡಲು ಕಟ್ಟುತ್ತಿದ್ದರು. ಒಬ್ಬರೇ ಎಲ್ಲೂ ನಿಲ್ಲದೆ ಹಾಯಿದೋಣಿಯಲ್ಲಿ ಜಗತ್ತು ಸುತ್ತುವ ಗೋಲ್ಡನ್ ಗ್ಲೋಬ್ ರೇಸ್‌ಗೆ 1988ಕ್ಕಿಂತ ಹಿಂದಿನ ವಿನ್ಯಾಸದ ದೋಣಿಗಳೇ ಆಗಬೇಕು. ನಮ್ಮ ಅಭಿಲಾಷ್ ಟಾಮಿ 2023ರಲ್ಲಿ ಅದರಲ್ಲಿ ಎರಡನೆಯವರಾಗಿ ದಡ ಮುಟ್ಟಿದ್ದು ರಸ್ಲರ್ 36 ಎಂಬ ಫೈಬರ್‌ಗ್ಲಾಸ್ ದೋಣಿಯಲ್ಲೇ.

ನನ್ನ ಭಯವೆಲ್ಲ ಡೆಕ್‌ನದು, ಅಂದರೆ ದೋಣಿಯ ಮೇಲೆ ನಾವು ಓಡಾಡುವ ಹಾಸಿನದು. ಆ ಡೆಕ್ ಎರಡು ಫೈಬರ್ ಪದರಗಳ ನಡುವೆ ಹಗುರವಾದ ಬಾಲ್ಸಾ ಮರ ಇಟ್ಟು ಮಾಡಿದ್ದು. ಸ್ಕ್ರೂ ಹೊಡೆದ ತೂತಿಗೆ ತುಂಬಿದ ಸೀಲಂಟ್ ಅಂಟು ಕಿತ್ತುಬಂದರೆ ಮಳೆನೀರು ಒಳಗಿಳಿದು ಮರವನ್ನು ಕೊಳೆಸುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಗೇಣು ಗೇಣಿಗೂ ಬಡಿಯುತ್ತ ಹೋದೆ. ಟಣ್, ಟಣ್. ಹಾಯಿಕಂಬದ ಎಡಕ್ಕೆ ಬಂದಾಗ ದಬ್. ಬೆಳೆಗಾರರ ಮುಖ ಸಣ್ಣದಾಯಿತು. ಹಲಸು ಬಡಿದು ನೋಡಿ ಬೆಳೆದವರು, ಬಿಡಿಸಿ ಹೇಳಬೇಕಾಗಲಿಲ್ಲ. ಹಣ್ಣಿಗೆ ಒಳ್ಳೆಯದಾದ ಸದ್ದು ಡೆಕ್‌ಗೆ ಕೆಟ್ಟದ್ದು. ಅಲ್ಲೊಂದು ಸ್ಕ್ರೂ ಬಿಚ್ಚಿಸಿದೆ. ಅದರ ಎಳೆಗಳಿಗೆ ಕಾಫಿ ಚರಟದಂಥ ಕಪ್ಪು, ಒದ್ದೆ ಪುಡಿ ಮೆತ್ತಿಕೊಂಡು ಬಂತು.

ಕೆಳಗೆ ಒಡಲಿನಲ್ಲಿ ಅಲ್ಲಲ್ಲಿ ಬೊಬ್ಬೆ. ಒಂದನ್ನು ಚುಚ್ಚಿದರೆ ವಿನೆಗರ್ ವಾಸನೆಯ ನೀರು ಒಸರಿತು. ಜೆಲ್‌ಕೋಟ್ ಎಂಬ ಹೊರಪದರ ದಾಟಿ ಇಳಿದ ನೀರು ರೆಸಿನ್ನಿನ ಅಂಶಗಳ ಜೊತೆ ಸೇರಿ ಹೀಗಾಗುತ್ತದೆ. ಇದನ್ನು ಆಸ್ಮೋಸಿಸ್ ಎನ್ನುತ್ತಾರೆ. ಇದರಿಂದ ದೋಣಿ ಮುಳುಗುವುದು ಅಪರೂಪ. ಆದರೆ ಬೊಬ್ಬೆ ತುಂಬಾ ಎದ್ದಿದ್ದರೆ ಜೆಲ್‌ಕೋಟ್ ಕೆರೆದು, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ತಿಂಗಳುಗಟ್ಟಲೆ ಒಣಗಿಸಿ, ಆಮೇಲಷ್ಟೇ ನೀರು ತಡೆಯುವ ಎಪಾಕ್ಸಿ ಬಳಿಯಬೇಕು. ಒಣಗುವ ಮೊದಲೇ ಬಣ್ಣ ಹೊಡೆದು ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕೊಳ್ಳುವವರು ಅದನ್ನೇ ನಂಬಿ ನಡುಗಡಲಿಗೆ ಹೋಗುತ್ತಾರೆ. ಹಸಿ ಕಾಫಿಯನ್ನು ಮೂಟೆ ಕಟ್ಟಿದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಗೊತ್ತು.

ಹಾಯಿಕಂಬವನ್ನು ಬಿಗಿದು ನಿಲ್ಲಿಸುವ ಸ್ಟೀಲ್ ಹಗ್ಗಗಳನ್ನು ಯಾವಾಗ ಬದಲಿಸಿದ್ದೆಂದು ಕೇಳಿದೆ. ರಸೀದಿ ಇರಲಿಲ್ಲ. ಹಾಗಾದರೆ ಹೊಸದರ ಖರ್ಚು ಸೇರಿಸಿಕೊಳ್ಳಿ ಎಂದೆ.

ಒಡಲು ಗಟ್ಟಿಯಿದೆ, ಬಿಡಬೇಡಿ ಎಂದೇ ವರದಿ ಬರೆದುಕೊಟ್ಟೆ. ಡೆಕ್ ರಿಪೇರಿಯ ಖರ್ಚು ಕಳೆದು ಬೆಲೆ ಕುದುರಿತು. ಈಗ ದೋಣಿ ಶೆಡ್ಡಿನೊಳಗಿದೆ, ಡೆಕ್‌ನ ಎಡಭಾಗ ತೆರೆದಿದೆ. ಮಳೆಗಾಲ ಕಳೆಯುವವರೆಗೆ ಒಡಲಿಗೆ ಬ್ರಷ್ ಮುಟ್ಟಿಸುವುದಿಲ್ಲ ಎಂದು ಅವರು ಮಾತು ಕೊಟ್ಟಿದ್ದಾರೆ.