ಹುಲ್ಲಿನ ನೆಲ, ಹಟ್ಟಿಯ ನೆನಪು: ಚಳ್ಳಕೆರೆ ಕಾವಲುಗಳ ಹಿನ್ನೆಲೆ

2023ರ ಏಪ್ರಿಲ್ 2ರ ಬೆಳಗಿನ ಜಾವ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸಮೀಪದ ವೈಮಾನಿಕ ಪರೀಕ್ಷಾ ವಲಯದ ಮೇಲೆ ಒಂದು ಹೆಲಿಕಾಪ್ಟರ್ ರೆಕ್ಕೆಯುಳ್ಳ ಸಣ್ಣ ಬಾಹ್ಯಾಕಾಶ ವಾಹನವನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೊತ್ತೊಯ್ದು ಕೈಬಿಟ್ಟಿತು. ಯಾರ ನೆರವೂ ಇಲ್ಲದೆ ಆ ವಾಹನ ತಾನೇ ದಾರಿ ಹಿಡಿದು ಬಂದು ಓಡುದಾರಿಯ ಮೇಲೆ ಇಳಿಯಿತು. ಮರುಬಳಕೆಯ ರಾಕೆಟ್ ತಂತ್ರಜ್ಞಾನದಲ್ಲಿ ಇಸ್ರೊ ಸಂಸ್ಥೆಗೆ ಅದೊಂದು ದೊಡ್ಡ ಹೆಜ್ಜೆ. ಮರುವರ್ಷ ಅದೇ ನೆಲದಲ್ಲಿ ಇನ್ನೂ ಎರಡು ಬಾರಿ ಅಂಥ ಪ್ರಯೋಗ ನಡೆದು ಯಶಸ್ವಿಯಾಯಿತು. ಚಿತ್ರದುರ್ಗದವರಾದ ನಮಗೆ ಇದು ನಿಜಕ್ಕೂ ಹೆಮ್ಮೆಯ ಸಂಗತಿ. ಆದರೆ ಆ ಓಡುದಾರಿಯ ಕೆಳಗಿನ ನೆಲಕ್ಕೆ ಇನ್ನೊಂದು ಹೆಸರಿತ್ತು, ಅದಕ್ಕೊಂದು ದೀರ್ಘವಾದ ಬಳಕೆಯಿತ್ತು, ಆ ಬಳಕೆಯನ್ನೇ ನೆಚ್ಚಿದ ಒಂದು ಸಂಸ್ಕೃತಿಯಿತ್ತು ಎಂಬುದನ್ನು ವರದಿಗಳು ಹೇಳಲಿಲ್ಲ. ಆ ಹೆಸರು ಕಾವಲು.

ಕಾವಲು ಎಂದರೆ ದನಕರುಗಳ ಮೇವಿಗೆಂದು ಕಾಯ್ದಿರಿಸಿದ ಹುಲ್ಲುಗಾವಲು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿ ಎಂಬ ಇಲಾಖೆಯನ್ನೇ ರೂಪಿಸಿ, ರಾಜ್ಯದ ಹಲವು ಕಡೆ ಇಂಥ ನೆಲಗಳನ್ನು ಅದಕ್ಕೆ ಬಿಟ್ಟುಕೊಟ್ಟರು. ಹೈದರ್ ಅಲಿಯ ಕಾಲಕ್ಕೆ ಆ ದನಗಳ ಕೆಲಸವೇ ಬದಲಾಯಿತು. ಹಾಲು ಬೆಣ್ಣೆಗೆಂದು ಸಾಕಿದ ತಳಿಯ ಎತ್ತುಗಳು ಸೈನ್ಯದ ತೋಪುಗಳನ್ನೂ ಮದ್ದುಗುಂಡುಗಳನ್ನೂ ಎಳೆಯತೊಡಗಿದವು. ಹೈದರನ ಪಡೆ ಚಿದಂಬರದ ರಕ್ಷಣೆಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರ್ ಬರೆದಿದೆ. ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆ, ಅಂದರೆ ಆಜ್ಞಾಪತ್ರ, ಹೊರಡಿಸಿದವನು ಟಿಪ್ಪು. ತಳಿತಜ್ಞರು ಅಮೃತ ಮಹಲ್ ತಳಿಯ ಮೂಲವನ್ನು ಹಳ್ಳಿಕಾರ್, ಹಾಗಲವಾಡಿ ಮತ್ತು ಚಿತ್ರದುರ್ಗ ಎಂಬ ಮೂರು ದನದ ಬಗೆಗಳಲ್ಲಿ ಗುರುತಿಸುತ್ತಾರೆ. 1779ರಲ್ಲಿ ಮದಕರಿನಾಯಕನ ದುರ್ಗ ಹೈದರನ ಕೈಸೇರಿತು. ಪಾಳೆಯಗಾರರ ಸೀಮೆಯ ಹುಲ್ಲುಗಾವಲುಗಳೂ ಹಿಂಡು ಕಾಯುವ ಕಿಲಾರಿಗಳೂ ಮೈಸೂರಿನ ಸೈನಿಕ ಲೆಕ್ಕದೊಳಗೆ ಸೇರಿಹೋದದ್ದನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು.

1799ರ ನಂತರ ಬ್ರಿಟಿಷರೂ ಈ ಹಿಂಡುಗಳನ್ನು ತಮ್ಮ ಸೈನ್ಯಕ್ಕೇ ಬಳಸಿಕೊಂಡರು. 1860ರಲ್ಲಿ ಖರ್ಚು ಉಳಿಸುವ ಸಲುವಾಗಿ ಹಿಂಡುಗಳನ್ನು ಮಾರಿದರು, ಕೆಲವೇ ವರ್ಷಗಳಲ್ಲಿ ತಪ್ಪಿನ ಅರಿವಾಗಿ ಮತ್ತೆ ಕಟ್ಟಿದರು. ಕಾವಲುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂಬ ವಿಂಗಡಣೆಯಿತ್ತು. ಹಿಂಡು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು, ಬಿಟ್ಟುಹೋದ ಕಾವಲಿನಲ್ಲಿ ಹುಲ್ಲು ಮತ್ತೆ ಚಿಗುರುತ್ತಿತ್ತು. ಸರ್ಕಾರಿ ಹಿಂಡು ಮೇಯುತ್ತಿದ್ದ ಇದೇ ನೆಲದ ಅಂಚಿನಲ್ಲಿ ಹಟ್ಟಿಗಳಿದ್ದವು. ಹಟ್ಟಿಯವರ ದನ, ಕುರಿ, ಮೇಕೆಗಳೂ ಅಲ್ಲಿಯೇ ಮೇದವು, ಅಲ್ಲಿಯ ಕಟ್ಟೆಗಳಲ್ಲೇ ನೀರು ಕುಡಿದವು. ಆ ಒಡನಾಟಕ್ಕೆ ರೂಢಿಯ ಬಲವಿತ್ತು, ಹಟ್ಟಿಯವರ ಹೆಸರಿನಲ್ಲಿ ಪತ್ರವಿರಲಿಲ್ಲ. ಮುಂದಿನ ಎಲ್ಲ ಸಂಕಟದ ಬೀಜ ಈ ಒಂದು ಸಂಗತಿಯಲ್ಲಿದೆ.

ಈ ಹಟ್ಟಿಗಳು ಯಾರವು ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಉದ್ದಗಲಕ್ಕೂ ಮ್ಯಾಸಬೇಡರು ಮತ್ತು ಕಾಡುಗೊಲ್ಲರು ಹರಡಿಕೊಂಡಿದ್ದಾರೆ. ಎರಡೂ ಪಶುಪಾಲಕ ಬುಡಕಟ್ಟುಗಳು. ಎರಡರ ವೀರರೂ ದನ ಕಾಯುತ್ತಲೇ ದೇವರಾದವರು. ಮ್ಯಾಸಬೇಡರ ಗಾದರಿ ಪಾಲನಾಯಕನಿರಲಿ, ಕಾಡುಗೊಲ್ಲರ ಎತ್ತಪ್ಪ, ಜುಂಜಪ್ಪರಿರಲಿ, ಅವರ ಕತೆಗಳಲ್ಲಿ ಹುಲ್ಲು ನೀರು ಅರಸಿ ಹೋಗುವ ದಾರಿ, ಹಿಂಡಿಗೆ ಬಂದೊದಗುವ ಆಪತ್ತು, ಹೋರಿಯ ಹೆಸರು, ಬಣ್ಣ, ಗುಣ ಎಲ್ಲವೂ ವಿವರವಾಗಿ ಬರುತ್ತವೆ. ಜುಂಜಪ್ಪನ ಕತೆಯನ್ನು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲಿನೊಂದಿಗೆ ಹಾಡುತ್ತಾರೆ. ಅವನ ಬಡಮೈಲ ಎಂಬ ಹೋರಿಯನ್ನು ಬಿಟ್ಟರೆ ಆ ಕತೆಯೇ ಇಲ್ಲ.

ಮ್ಯಾಸಬೇಡರಲ್ಲಿ ಇಂದಿಗೂ ಉಳಿದಿರುವ ದೇವರ ಎತ್ತುಗಳ ಸಂಪ್ರದಾಯ ಈ ಬದುಕಿನ ತಿರುಳು ಎಂದು ನಾನು ತಿಳಿದಿದ್ದೇನೆ. ಹರಕೆ ಹೊತ್ತವರು ಕರುವನ್ನು ದೇವರಿಗೆ ಬಿಡುತ್ತಾರೆ. ಅಲ್ಲಿಂದ ಮುಂದೆ ಅದರ ಹೆಗಲಿಗೆ ನೊಗವಿಲ್ಲ, ಅದನ್ನು ಮಾರುವಂತಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವಂತೆ ಪೂಜೆ ಸಲ್ಲಿಸಿ ಮಣ್ಣು ಮಾಡುತ್ತಾರೆ. ಈ ಹಿಂಡನ್ನು ಕಾಯುವವನು ಕಿಲಾರಿ. ಆ ಕೆಲಸ ಸಂಬಳದ್ದಲ್ಲ, ಕಟ್ಟುಪಾಡಿನದು. ಅವನ ಹೊಟ್ಟೆಯ ಹೊಣೆಯನ್ನು ಕಟ್ಟೆಮನೆಗೆ, ಅಂದರೆ ಬುಡಕಟ್ಟಿನ ಕಟ್ಟುಪಾಡು ನಡೆಸುವ ಮನೆತನದ ನೆಲೆಗೆ, ಸೇರಿದವರು ಹೊರುತ್ತಾರೆ. ನನ್ನಿವಾಳದಂಥ ಊರುಗಳ ಕಟ್ಟೆಮನೆಗಳು ಇಂದಿಗೂ ಈ ವ್ಯವಸ್ಥೆಯ ಕೇಂದ್ರಗಳು. ದೇವರ ಎತ್ತಿನಿಂದ ಉಳುಮೆಯಿಲ್ಲ, ಮಾರಾಟದ ಲಾಭವಿಲ್ಲ. ಆದುದರಿಂದ ಅದಕ್ಕೆ ಮೇವು ಕೊಂಡು ಹಾಕುವ ಲೆಕ್ಕಾಚಾರ ಯಾವ ಕಾಲಕ್ಕೂ ಕೂಡಿಬರುವುದಿಲ್ಲ. ಎಲ್ಲರಿಗೂ ಸೇರಿದ ಹುಲ್ಲಿನ ನೆಲ ಇದ್ದರೆ ಮಾತ್ರ ದೇವರ ಎತ್ತು ಉಳಿಯುತ್ತದೆ. ಬರ ಬಿದ್ದ ವರ್ಷಗಳಲ್ಲಿ ಈ ಹಿಂಡುಗಳಿಗೆ ಗೋಶಾಲೆಯ ಮೇವಿಗಾಗಿ, ದಾನಿಗಳ ನೆರವಿಗಾಗಿ ಕಾಯುವ ಸ್ಥಿತಿ ಬಂದದ್ದು ಆ ನೆಲ ಕಿರಿದಾದುದರ ನೇರ ಗುರುತು.

ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆಯನ್ನೂ ಇಲ್ಲಿ ನೆನೆಯಬೇಕು. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಬಳಿ ಸೇರುವ ಈ ಜಾತ್ರೆಯಲ್ಲಿ ದೇವರಿಗೆ ಕಲ್ಲಿನ ಗುಡಿಯಲ್ಲ, ಬಾರೆ ಮುಳ್ಳಿನ ಕಳ್ಳೆಗಳನ್ನು ಒಟ್ಟಿ ಕಟ್ಟಿದ ಗುಡಿ. ಭಕ್ತರು ಬರಿಗಾಲಿನಲ್ಲಿ ಆ ಮುಳ್ಳನ್ನು ಏರಿ ತುದಿಯ ಕಳಸವನ್ನು ಇಳಿಸುತ್ತಾರೆ. ಬಾರೆ, ಕಾರೆ, ಜಾಲಿ, ತುಗ್ಗಲಿ ಬೆಳೆಯುವ ಕುರುಚಲು ನೆಲದಲ್ಲಲ್ಲದೆ ಬೇರೆಲ್ಲಿಯೂ ಇಂಥ ಗುಡಿಯ ಕಲ್ಪನೆ ಹುಟ್ಟುತ್ತಿರಲಿಲ್ಲ. ಹಾಗೆಯೇ ಚಳ್ಳಕೆರೆ ಸೀಮೆಯ ಕರಿ ಕಂಬಳಿ ನೇಕಾರರ ಮಗ್ಗದಲ್ಲಿ ಸಿದ್ಧವಾಗುವ ಮೊದಲು ಕುರಿಯ ಮೈಮೇಲೆ, ಅದಕ್ಕೂ ಮೊದಲು ಕರಡ ಮತ್ತು ಹಂಚಿ ಹುಲ್ಲಿನಲ್ಲಿ ಸಿದ್ಧವಾಗಿರುತ್ತದೆ.

ಇಷ್ಟೆಲ್ಲ ಇದ್ದ ನೆಲ ಕಂದಾಯದ ಭಾಷೆಯಲ್ಲಿ ಬೀಳು. ವರ್ಷಕ್ಕೆ 500 ಮಿಲಿಮೀಟರಿನಷ್ಟೂ ಮಳೆ ಕಾಣದ ಸೀಮೆಯಲ್ಲಿ ಉಳದೆ ಬಿಟ್ಟ ನೆಲವನ್ನು ಉಪಯೋಗವಿಲ್ಲದ್ದು ಎಂದು ಬರೆಯುವುದು ದಫ್ತರಕ್ಕೆ ಸುಲಭ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಹೆಚ್ಚು ಆಹಾರ ಬೆಳೆಯುವ ಆಂದೋಲನ ಬಂದಾಗ ಕಾವಲುಗಳು ಸಾಗುವಳಿಗೆ ಹಂಚಿಕೆಯಾದವು. ಆಮೇಲೆ ಊರು, ರಸ್ತೆ, ಕಾರ್ಖಾನೆ, ನೆಡುತೋಪುಗಳಿಗೆ ಹೋದವು. ಒಂದು ಕಾಲಕ್ಕೆ ಹಳೆಯ ಮೈಸೂರು ಸೀಮೆಯಲ್ಲಿ ನಾಲ್ಕು ಲಕ್ಷ ಎಕರೆ ಮೀರಿದ್ದ ಅಮೃತ ಮಹಲ್ ಕಾವಲು ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ತೋಪು ಎಳೆಯಲು ಯಂತ್ರಗಳು ಬಂದಮೇಲೆ ಎತ್ತಿನ ತಳಿಯನ್ನು ಉಳಿಸುವ ಕೆಲಸ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಂಥ ಕೆಲವೇ ಕಡೆಗೆ ಸೀಮಿತವಾಯಿತು. ಚಳ್ಳಕೆರೆಯ ದೊಡ್ಡ ಕಾವಲುಗಳು ಉಳಿದದ್ದು ಹೆಚ್ಚಾಗಿ ಅವುಗಳ ಬರಡುತನದ ಖ್ಯಾತಿಯಿಂದಲೇ. ಕೃಷ್ಣಮೃಗ, ತೋಳ, ಅಪರೂಪದ ಎರೆಭೂತ ಹಕ್ಕಿಗಳಿಗೂ ಅವು ಆಸರೆಯಾಗಿದ್ದವು.

2007ರಿಂದ 2010ರ ಅವಧಿಯಲ್ಲಿ ಆ ಕಾವಲುಗಳ ಸರದಿಯೂ ಬಂದಿತು. ವರವು ಕಾವಲು, ಖುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ರಕ್ಷಣಾ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೊಗೆ 573 ಎಕರೆ ಮಂಜೂರಾಯಿತು. ಒಂದು ಸಾಲಿನಲ್ಲಿ ಓದಿ ಮುಗಿಸಬಹುದಾದ ಈ ಅಂಕಿಗಳನ್ನು ಹಟ್ಟಿಯ ಕಡೆಯಿಂದ ನೋಡಿದರೆ ಬೆಳಗಿನ ಮೇವಿನ ದಾರಿ, ಮಧ್ಯಾಹ್ನದ ನೀರಿನ ಕಟ್ಟೆ, ಬೇಸಿಗೆಯ ಹುಲ್ಲು ಎಂದು ಅರ್ಥ. ನೆಲ ಕೈತಪ್ಪಿದ್ದು ಹಲವು ಊರುಗಳವರಿಗೆ ತಿಳಿದದ್ದು ಬೇಲಿ ಮತ್ತು ಗೋಡೆ ಏಳತೊಡಗಿದಾಗ. ದೊಡ್ಡ ಉಳ್ಳಾರ್ತಿ ಮತ್ತು ಸುತ್ತಲಿನ ಹಳ್ಳಿಗಳ ಜನ ಪ್ರತಿಭಟಿಸಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಹೋಯಿತು. ಪೀಠ ಸ್ಥಳ ಪರಿಶೀಲನೆಗೆ ತಜ್ಞರನ್ನು ಕಳುಹಿಸಿತು. 2014ರ ಆಗಸ್ಟ್‌ನಲ್ಲಿ ಬಂದ ತೀರ್ಪು ಯೋಜನೆಗಳನ್ನು ರದ್ದುಮಾಡಲಿಲ್ಲ. 2017ರ ಮೇ ತಿಂಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು.

ಈ ಇತಿಹಾಸವನ್ನು ವಿಜ್ಞಾನ ಒಂದು ಕಡೆ, ಸಂಪ್ರದಾಯ ಇನ್ನೊಂದು ಕಡೆ ಎಂದು ನಿಲ್ಲಿಸಿ ಓದುವುದು ಸರಿಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಖುದಾಪುರದ ಆವರಣದಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ತರಬೇತಿ ನಡೆಯುತ್ತಿದೆ. ಹಟ್ಟಿಯ ಮಕ್ಕಳು ವಿಜ್ಞಾನ ಓದಬೇಕೆಂಬುದು ಹಟ್ಟಿಯವರದ್ದೇ ಆಸೆ. ಕಾವಲು ದೇಶರಕ್ಷಣೆಯ ಕೆಲಸಕ್ಕೆ ಬಂದದ್ದೂ ಹೊಸದಲ್ಲ, ಮೊದಲೇ ಹೇಳಿದಂತೆ ಹೈದರನ ಕಾಲದಿಂದ ಅದು ಸೈನ್ಯದ ನೆಲವೇ. ವ್ಯತ್ಯಾಸವಿರುವುದು ಒಂದೇ ಕಡೆ. ಎತ್ತು ತೋಪು ಎಳೆಯುತ್ತಿದ್ದ ಕಾಲದಲ್ಲಿ ಸೈನ್ಯಕ್ಕೂ ಹಟ್ಟಿಗೂ ಬೇಕಾಗಿದ್ದದ್ದು ಒಂದೇ ಹುಲ್ಲು. ದೊರೆಯ ಅಗತ್ಯ ಕಿಲಾರಿಯ ಜ್ಞಾನವನ್ನು ಅವಲಂಬಿಸಿತ್ತು, ಹೋರಿಯ ಸುಳಿ ನೋಡಿ ಗುಣ ಹೇಳಬಲ್ಲವನಿಗೆ ಅರಮನೆಯಲ್ಲಿ ಬೆಲೆಯಿತ್ತು. ಈಗಿನ ಅಗತ್ಯಕ್ಕೆ ಬೇಕಾದದ್ದು ಜನ ದನಗಳಿಲ್ಲದ ವಿಶಾಲ ಬಯಲು. ಆಧುನಿಕತೆ ಹಟ್ಟಿಯ ಜ್ಞಾನವನ್ನು ಹಳೆಯದೆಂದು ತಳ್ಳಿದ್ದಕ್ಕಿಂತಲೂ ಅದು ಅಲ್ಲಿ ಇದೆಯೆಂಬುದನ್ನೇ ಗಮನಿಸದೆ ಹೋದದ್ದು ನನಗೆ ಹೆಚ್ಚು ನೋವಿನ ಸಂಗತಿ.

ಹಾಗೆಂದು ಹಟ್ಟಿಯ ರೂಢಿಯೆಲ್ಲವೂ ಉಳಿಯತಕ್ಕದ್ದು ಎಂದು ನಾನು ಹೇಳಲಾರೆ. ಮುಟ್ಟಾದ ಹೆಣ್ಣುಮಕ್ಕಳನ್ನೂ ಹೆತ್ತ ಬಾಣಂತಿಯನ್ನೂ ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಗೊಲ್ಲರಹಟ್ಟಿಗಳಲ್ಲಿ ಇನ್ನೂ ಸಂಪೂರ್ಣ ಅಳಿದಿಲ್ಲ. 2023ರಲ್ಲಿ ನೆರೆಯ ತುಮಕೂರು ಜಿಲ್ಲೆಯ ಒಂದು ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿರಿಸಿದ್ದ ಬಾಣಂತಿಯ ಹಸುಗೂಸು ಸತ್ತುಹೋಯಿತು. ಆ ರೂಢಿಯನ್ನು ಬಿಡಿಸಲು ಹಟ್ಟಿಯೊಳಗಿನ ವಿದ್ಯಾವಂತ ಹೆಣ್ಣುಮಕ್ಕಳೇ ದನಿಯೆತ್ತುತ್ತಿದ್ದಾರೆ, ಅವರ ಬೆನ್ನಿಗೆ ನಿಲ್ಲಬೇಕು. ಇದನ್ನು ಬಿಟ್ಟರೂ ಕಾಡುಗೊಲ್ಲರು ಕಾಡುಗೊಲ್ಲರಾಗಿಯೇ ಉಳಿಯುತ್ತಾರೆ. ಹಿಂಡು, ಹುಲ್ಲು, ಗಣೆಗಳನ್ನು ಬಿಟ್ಟರೆ ಹಾಗೆ ಉಳಿಯುವರೇ ಎಂಬುದು ಬೇರೆಯೇ ಪ್ರಶ್ನೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ನಾಡು ಅವರನ್ನು ಗೌರವಿಸಿತು, ವಿದ್ವಾಂಸರು ಹಾಡುಗಳನ್ನು ಬರೆದಿಟ್ಟುಕೊಂಡರು. ಹಾಡಿನ ಸಂಗ್ರಹಕ್ಕೆ ತೋರಿದ ಈ ಕಾಳಜಿ ಹಾಡಿನೊಳಗಿನ ನೆಲಕ್ಕೆ ದೊರೆಯಲಿಲ್ಲ.

ನೆಲದ ಹಕ್ಕಿಗೆ ಈಗಿರುವ ಮುಖ್ಯ ದಾರಿ 2006ರ ಅರಣ್ಯ ಹಕ್ಕು ಕಾಯ್ದೆ. ಪಶುಪಾಲಕ ಸಮುದಾಯಗಳು ಋತುವಿಗೆ ತಕ್ಕಂತೆ ಮೇವಿನ ನೆಲವನ್ನು ಬಳಸುವ ಹಕ್ಕನ್ನು ಅದು ಹೆಸರಿಸಿಯೇ ಹೇಳುತ್ತದೆ. ಹಲವು ಕಾವಲುಗಳು ಜಿಲ್ಲಾ ಅರಣ್ಯವೆಂದು ದಾಖಲಾಗಿರುವುದರಿಂದ ಈ ಕಾಯ್ದೆ ಇಲ್ಲಿಗೂ ಅನ್ವಯಿಸಬೇಕು ಎಂಬ ವಾದಕ್ಕೆ ಬಲವಿದೆ. ಆದರೆ ಇಲ್ಲಿಯೂ ಒಂದು ತೊಡಕುಂಟು. 1991ರಲ್ಲಿ ಬೇಡ, ನಾಯಕ, ವಾಲ್ಮೀಕಿ ಹೆಸರುಗಳು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸ್ಪಷ್ಟವಾದುದರಿಂದ ಮ್ಯಾಸಬೇಡರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅಲ್ಲಿ ನೆಲೆಸಿದ್ದೇವೆಂದು ತೋರಿಸಿದರೆ ಸಾಕು. ಕಾಡುಗೊಲ್ಲರನ್ನು ಆ ಪಟ್ಟಿಗೆ ಸೇರಿಸುವಂತೆ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಿದ್ದರೂ ಸೇರ್ಪಡೆಯ ಬೇಡಿಕೆ ವರ್ಷಗಟ್ಟಲೆ ಉಳಿದುಕೊಂಡು ಬಂದಿದೆ. ಪಟ್ಟಿಯ ಹೊರಗಿರುವವರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಒಂದೇ ಕಾವಲಿನಲ್ಲಿ ಅಕ್ಕಪಕ್ಕ ಮೇಯಿಸಿಕೊಂಡು ಬಂದ ಎರಡು ಹಟ್ಟಿಗಳಿಗೆ ಎರಡು ಬಗೆಯ ಸಾಕ್ಷ್ಯ.

ಈ ಸಾಕ್ಷ್ಯ ಯಾವುದು ಎಂಬುದನ್ನು ಕಾಯ್ದೆಯ ನಿಯಮಗಳು ವಿವರಿಸುತ್ತವೆ. ಪಾರಂಪರಿಕ ಮೇವಿನ ನೆಲೆಗಳು, ದನಗಳು ನೀರು ಕುಡಿಯುತ್ತಿದ್ದ ಕಟ್ಟೆಗಳು, ಪೂಜೆಯ ಮರಗಳು, ಮಣ್ಣು ಮಾಡಿದ ಜಾಗಗಳು, ಹಿರಿಯರು ಹೇಳಿ ಬರೆಸಿದ ಹೇಳಿಕೆಗಳು, ಇವೆಲ್ಲವನ್ನೂ ಗ್ರಾಮಸಭೆಯ ಮುಂದೆ ಇಡಬಹುದು. ಯಾವ ಹಳ್ಳದ ದಂಡೆಯಲ್ಲಿ ಹಿಂಡು ತಂಗುತ್ತಿತ್ತು, ಯಾವ ಬಾರೆಯ ಮರದ ಬುಡದಲ್ಲಿ ಎಡೆ ಇಡುತ್ತಿದ್ದರು, ದೇವರ ಎತ್ತುಗಳನ್ನು ಎಲ್ಲೆಲ್ಲಿ ಮಣ್ಣು ಮಾಡಿದ್ದಾರೆ ಎಂಬುದನ್ನು ಕಿಲಾರಿಗಳು ಬಲ್ಲರು, ಗಣೆ ನುಡಿಸುವವರು ಕತೆಯ ನಡುವೆ ಸ್ಥಳಗಳ ಹೆಸರು ಹಿಡಿದು ಹೇಳಬಲ್ಲರು. ಅಂಥ ಗುರುತುಗಳಲ್ಲಿ ಕೆಲವು ಈಗ ಗೋಡೆಯ ಆಚೆಗಿವೆ. ಅವುಗಳನ್ನು ಕಣ್ಣಾರೆ ಕಂಡವರು ಎಪ್ಪತ್ತು ದಾಟಿದ್ದಾರೆ, ಅವರ ಹೇಳಿಕೆಗಳನ್ನು ಊರೂರಿಗೆ ಹೋಗಿ ಬರೆದುಕೊಳ್ಳುವ ಕೆಲಸ ಚಳ್ಳಕೆರೆಯ ಹಟ್ಟಿಗಳಲ್ಲಿ ಈಗಲೇ ಆಗಬೇಕು.