ಸಹಭಾಗಿತ್ವ ಅಂದರೆ ಸಭೆಗೆ ಕರೆಯುವುದಲ್ಲ

ಊರಿನ ನಾಲ್ಕು ಜನಕ್ಕೆ ರೆಸಾರ್ಟಿನಲ್ಲಿ ಕೆಲಸ ಕೊಡುವುದು, ಸಂಜೆ ಡೊಳ್ಳು ಬಾರಿಸಲು ಹುಡುಗರನ್ನು ಕರೆಸುವುದು, ಅದಕ್ಕೆ 'ಸಮುದಾಯ ಸಹಭಾಗಿತ್ವದ ಗ್ರಾಮ ಪ್ರವಾಸೋದ್ಯಮ' ಎಂದು ಹೆಸರಿಡುವುದು ಈಗ ತೀರಾ ಜಾಸ್ತಿಯಾಗಿದೆ. ಕೆಲಸ ಕೊಟ್ಟಿದ್ದು ಒಳ್ಳೆಯದೇ. ಆದರೆ ಅದು ಸಹಭಾಗಿತ್ವ ಅಲ್ಲ.

ಪದದೊಳಗೇ 'ಭಾಗ' ಇದೆ, ನೋಡಿ. ಸಂಸ್ಕೃತದ 'ಭಜ್' ಧಾತುವಿಗೆ ಹಂಚು, ಪಾಲು ಪಡೆ ಎಂಬ ಅರ್ಥವಿದೆ. ಭಾಗ್ಯ, ವಿಭಾಗ, ಭಕ್ತ ಎಲ್ಲವೂ ಅಲ್ಲಿಂದಲೇ ಬಂದವು. ಅಣ್ಣತಮ್ಮಂದಿರು 'ಭಾಗ ಆದರು' ಅಂದರೆ ಯಾರಿಗೂ ಗೊಂದಲವಿಲ್ಲ. ಜಮೀನು, ಮನೆ, ಸಾಲ ಎಲ್ಲವೂ ಪಾಲಾಗಿದೆ ಎಂದೇ ಅರ್ಥ. ಆ ಪಂಚಾಯ್ತಿಗೆ ಬಂದು ಕೂತವರೆಲ್ಲ ಪಾಲುದಾರರಾಗುವುದಿಲ್ಲ, ಅಲ್ವಾ? ಗೊಂದಲ ತಂದಿದ್ದು 'ಭಾಗವಹಿಸು' ಎಂಬ ಕ್ರಿಯಾಪದ. ಮೆರವಣಿಗೆಯಲ್ಲಿ ಭಾಗವಹಿಸಲು ಹಾಜರಿದ್ದರೆ ಸಾಕು. ಸಹಭಾಗಿಗೆ ತೀರ್ಮಾನದಲ್ಲಿ, ಹಣದಲ್ಲಿ, ನಷ್ಟದಲ್ಲೂ ಪಾಲು ಇರಬೇಕು.

'ಸರ್ಕಾರಿ-ಖಾಸಗಿ ಸಹಭಾಗಿತ್ವ'ವನ್ನೂ ಇದಕ್ಕೆ ಬೆರೆಸಬೇಡಿ. ಅದು ಇಬ್ಬರ ನಡುವಿನ ಕರಾರು. ಊರು ಅದರ ಹೊರಗೇ ಉಳಿಯಬಹುದು.

'ಸಹಭಾಗಿ ಆಡಳಿತ' ಎಂಬುದಕ್ಕೆ ರಾಜ್ಯಶಾಸ್ತ್ರಜ್ಞರಾದ ಕ್ರಿಸ್ ಆನ್ಸೆಲ್ ಮತ್ತು ಆಲಿಸನ್ ಗ್ಯಾಶ್ 2008ರಲ್ಲಿ ಕೊಟ್ಟ ವಿವರಣೆ ಹೆಚ್ಚು ಬಳಕೆಯಲ್ಲಿದೆ. ಅದರ ಪ್ರಕಾರ, ಸರ್ಕಾರಿ ಸಂಸ್ಥೆಯೇ ಎಲ್ಲರನ್ನೂ ಒಂದು ವೇದಿಕೆಗೆ ಕರೆಯುತ್ತದೆ. ಸರ್ಕಾರದ ಹೊರಗಿನವರು ಬರೀ ಸಲಹೆ ಹೇಳಿ ಎದ್ದು ಹೋಗುವುದಿಲ್ಲ, ತೀರ್ಮಾನ ಮಾಡುವುದರಲ್ಲೇ ಇರುತ್ತಾರೆ. ಒಮ್ಮತಕ್ಕೆ ಪ್ರಯತ್ನ ನಡೆಯುತ್ತದೆ.

ಇಂಡೋನೇಷ್ಯಾದ 'ದೇಸಾ ವಿಸಾತಾ' ಅಂದರೆ ಪ್ರವಾಸಿ ಹಳ್ಳಿಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ 2014ರ ಗ್ರಾಮ ಕಾನೂನಿನ ಪ್ರಕಾರ, ಹೊರಗಿನ ಹೂಡಿಕೆ ಊರಿಗೆ ಬರುವುದಾದರೆ 'ಮುಷಾವರಾ ದೇಸಾ' ಎಂಬ ಊರ ಸಭೆಯಲ್ಲಿ ಚರ್ಚೆಯಾಗಬೇಕು. ಊರಿನ ಆಸ್ತಿ ಕೈಬಿಡುವುದಿದ್ದರೂ ಅಷ್ಟೇ. ಗ್ರಾಮಾಡಳಿತ, ಗ್ರಾಮ ಪ್ರತಿನಿಧಿ ಮಂಡಳಿ, ಜನ ಮೂವರೂ ಅಲ್ಲಿರುತ್ತಾರೆ. ನನಗೆ ಈ ಕಾನೂನಿನಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಹೂಡಿಕೆದಾರ ಬಂದು ಕಟ್ಟಡ ಎಬ್ಬಿಸಿದ ಮೇಲೆ ಊರನ್ನು ಕೇಳಿ ಏನು ಪ್ರಯೋಜನ?

ಮಧ್ಯ ಜಾವಾದ ಪೊಂಗ್ಗೊಕ್‌ನಲ್ಲಿ ಒಂದು ನೀರಿನ ಬುಗ್ಗೆ ಇದೆ. ಅಲ್ಲಿಗೆ ಬರುವ ಪ್ರವಾಸಿಗರನ್ನು ನೋಡಿಕೊಳ್ಳುವುದು 2009ರಲ್ಲಿ ಶುರುವಾದ ಗ್ರಾಮದ್ದೇ ಉದ್ಯಮ, ತಿರ್ತಾ ಮಂದಿರಿ. ಊರಿನವರೂ ಅದರಲ್ಲಿ ಹಣ ಹೂಡಿದ್ದಾರೆ. ಗಳಿಕೆ ಏರಿದರೂ ಇಳಿದರೂ ಅವರಿಗೂ ತಟ್ಟುತ್ತದೆ. ಆದರೆ ಹೂಡಲು ದುಡ್ಡಿಲ್ಲದ ಮನೆಗಳೂ ಊರಿನವೇ. ಹಾಗಾಗಿ ಹೂಡಿಕೆದಾರರ ಸಭೆಯೊಂದೇ ಸಾಲದು, ಎಲ್ಲರೂ ಕೂರುವ ಊರ ಸಭೆಯ ಮಾತೂ ನಡೆಯಬೇಕು.